ಹಳೆಯ ಅಂಬಾಸಿಡರ್‌ಗೆ ಬದಲಿ ಎಂಜಿನ್: ಕ್ಯಾಮ್‌ಶಾಫ್ಟ್ ಆಯ್ಕೆಯಲ್ಲಿ ಎಡವದಿರಿ

ಬೆಂಗಳೂರು: ಮೂರು ನಾಲ್ಕು ದಶಕಗಳ ಕಾಲ ಮನೆಮಂದಿಯನ್ನೆಲ್ಲ ಹೊತ್ತು ತಿರುಗಿದ ಅಂಬಾಸಿಡರ್ ಕಾರಿನ ಎಂಜಿನ್ ಒಂದು ದಿನ ಕೈಕೊಡುತ್ತದೆ. ಬ್ಲಾಕ್ ಬಿರುಕು ಬಿಟ್ಟಿದೆ, ಇಲ್ಲವೇ ಸಿಲಿಂಡರನ್ನು ಮತ್ತೊಮ್ಮೆ ಬೋರ್ ಮಾಡಲು ಲೋಹವೇ ಉಳಿದಿಲ್ಲ ಎಂದು ಗ್ಯಾರೇಜಿನವರು ಕೈಚೆಲ್ಲುತ್ತಾರೆ. ಕಾರನ್ನು ಗುಜರಿಗೆ ಕೊಡಲು ಮನಸ್ಸೊಪ್ಪದ ಮಾಲೀಕರಿಗೆ ಆಗ ಉಳಿಯುವ ದಾರಿ ಒಂದೇ. ಬೇರೊಂದು ಕಾರಿನಿಂದ ಇಳಿಸಿದ ಎಂಜಿನ್ ಕೊಂಡು ತಂದು ಕೂರಿಸುವುದು.

ಹೊಸ ಎಂಜಿನ್ ಕೊಳ್ಳೋಣವೆಂದರೆ ಅದು ಸಾಧ್ಯವಿಲ್ಲ. ಪಶ್ಚಿಮ ಬಂಗಾಳದ ಉತ್ತರಪಾರಾದ ಹಿಂದೂಸ್ಥಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲೇ ನಿಂತಿತು. ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ ಸಾಲು, ಇಲ್ಲವೇ ಊರಿನ ಹಳೆಯ ಗ್ಯಾರೇಜುಗಳೇ ಗತಿ. ಎಂಜಿನ್ ಸಿಕ್ಕಿತೆಂಬ ಸಂತಸದಲ್ಲಿ ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಅದರೊಳಗಿರುವ ಕ್ಯಾಮ್‌ಶಾಫ್ಟ್ ಯಾವುದು? ಅದನ್ನೇ ಉಳಿಸಿಕೊಳ್ಳಬೇಕೇ, ಬದಲಿಸಬೇಕೇ? ಈ ಒಂದು ನಿರ್ಧಾರ ತಪ್ಪಿದರೆ ಸಾವಿರಾರು ರೂಪಾಯಿ ಸುರಿದು ಮಾಡಿಸಿದ ಕೆಲಸ ಕೆಲವೇ ನಿಮಿಷಗಳಲ್ಲಿ ವ್ಯರ್ಥವಾಗಬಹುದು.

ಕ್ಯಾಮ್‌ಶಾಫ್ಟ್ ಮಾಡುವ ಕೆಲಸ

ಎಂಜಿನ್ ಉಸಿರಾಡುವುದು ವಾಲ್ವ್‌ಗಳ ಮೂಲಕ. ಒಂದು ವಾಲ್ವ್ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಬಿಟ್ಟರೆ ಇನ್ನೊಂದು ಉರಿದ ಹೊಗೆಯನ್ನು ಹೊರಗೆ ಕಳುಹಿಸುತ್ತದೆ. ಯಾವ ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ಎತ್ತರ ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಧರಿಸುವುದೇ ಕ್ಯಾಮ್‌ಶಾಫ್ಟ್. ಉದ್ದನೆಯ ಈ ಕಂಬಿಯ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ.

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ ಸೀರೀಸ್' ಕುಟುಂಬಕ್ಕೆ ಸೇರಿದ್ದು. ಇದರಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಬ್ಲಾಕಿನ ಒಳಗೆ. ಉಬ್ಬು ತನ್ನ ಮೇಲೆ ಕುಳಿತ ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು ತಳ್ಳುತ್ತದೆ, ಪುಶ್‌ರಾಡ್ ರಾಕರ್‌ನ ಮೂಲಕ ವಾಲ್ವ್ ಅನ್ನು ತೆರೆಯುತ್ತದೆ. ನಾಲ್ಕು ಸಿಲಿಂಡರ್‌ಗೆ ಎಂಟು ವಾಲ್ವ್, ಎಂಟು ಉಬ್ಬು, ಎಂಟು ಟ್ಯಾಪೆಟ್. 1990ರ ದಶಕದಲ್ಲಿ ಬಂದ ಇಸುಜು 1817 ಸಿಸಿ ಎಂಜಿನ್ನಿನ ರಚನೆಯೇ ಬೇರೆ. ಅದರ ಕ್ಯಾಮ್‌ಶಾಫ್ಟ್ ಇರುವುದು ಹೆಡ್‌ನಲ್ಲಿ. ಇಲ್ಲಿ ಹೇಳುತ್ತಿರುವುದು ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಮಾತು.

ಅಂಕಿಗಳು ಹೇಳುವ ಸತ್ಯ

ಕ್ಯಾಮ್‌ಶಾಫ್ಟಿನ ಗುಣವನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ಎರಡು ಉದಾಹರಣೆ ನೋಡೋಣ. ಇದೇ ಬಿಎಂಸಿ ಕಂಪನಿ 1959ರಲ್ಲಿ ತಂದ ಮೂಲ ಮಿನಿ ಕಾರಿನ 848 ಸಿಸಿ ಎಂಜಿನ್ನಿನಲ್ಲಿ ಒಳವಾಲ್ವ್ ತೆರೆಯುವುದು ಪಿಸ್ಟನ್ ಮೇಲ್ತುದಿ ತಲುಪುವ 5 ಡಿಗ್ರಿ ಮುನ್ನ, ಮುಚ್ಚುವುದು ಕೆಳತುದಿ ದಾಟಿದ 45 ಡಿಗ್ರಿ ನಂತರ. ನಡುವಿನ 180 ಸೇರಿದರೆ ಒಟ್ಟು 230 ಡಿಗ್ರಿ. ಇನ್ನೊಂದು, 1962ರಲ್ಲಿ ಬಂದ ಎಂಜಿಬಿ ಸ್ಪೋರ್ಟ್ಸ್ ಕಾರು. ಅದರ 1798 ಸಿಸಿ ಬಿ ಸೀರೀಸ್ ಎಂಜಿನ್ನಿನಲ್ಲಿ ಒಳವಾಲ್ವ್ 16 ಡಿಗ್ರಿ ಮುನ್ನವೇ ತೆರೆದು 56 ಡಿಗ್ರಿ ನಂತರ ಮುಚ್ಚುತ್ತದೆ. ಒಟ್ಟು 252 ಡಿಗ್ರಿ.

ಹೊಗೆ ಹೋಗುವ ವಾಲ್ವ್ ಇನ್ನೂ ಪೂರ್ತಿ ಮುಚ್ಚುವ ಮೊದಲೇ ಒಳವಾಲ್ವ್ ತೆರೆಯುವುದರಿಂದ ಸ್ವಲ್ಪ ಹೊತ್ತು ಎರಡೂ ಒಟ್ಟಿಗೆ ತೆರೆದಿರುತ್ತವೆ. ಮಿನಿಯಲ್ಲಿ ಈ ಅವಧಿ 15 ಡಿಗ್ರಿ, ಎಂಜಿಬಿಯಲ್ಲಿ 37 ಡಿಗ್ರಿ. ಎಂಜಿನ್ ವೇಗವಾಗಿ ಓಡುವಾಗ ಒಳನುಗ್ಗುವ ಗಾಳಿಗೆ ತನ್ನದೇ ಓಘವಿರುತ್ತದೆ. ಆಗ ವಾಲ್ವ್ ಹೆಚ್ಚು ಹೊತ್ತು ತೆರೆದಿದ್ದರೆ ಸಿಲಿಂಡರ್ ಚೆನ್ನಾಗಿ ತುಂಬಿ ಶಕ್ತಿ ಹೆಚ್ಚುತ್ತದೆ. ಆದರೆ ನಿಧಾನ ವೇಗದಲ್ಲಿ ಆ ಓಘವಿಲ್ಲ. ಮೇಲೇರುವ ಪಿಸ್ಟನ್ ತುಂಬಿಸಿಕೊಂಡ ಮಿಶ್ರಣವನ್ನೇ ಮರಳಿ ಹೊರಗೆ ತಳ್ಳುತ್ತದೆ. ಹೊಗೆಯೂ ಹೊಸ ಮಿಶ್ರಣದೊಡನೆ ಬೆರೆಯುತ್ತದೆ. ಫಲವಾಗಿ ಐಡ್ಲಿಂಗ್ ನಡುಗುತ್ತದೆ, ಪಿಕಪ್ ಕುಸಿಯುತ್ತದೆ, ಪೆಟ್ರೋಲ್ ಖರ್ಚು ಏರುತ್ತದೆ.

ಸ್ಪೋರ್ಟ್ಸ್ ಕಾರಿನ ಆಸೆ

'ಎಂಜಿ ಸ್ಪೋರ್ಟ್ಸ್ ಕಾರಿಗೂ ನಮ್ಮ ಅಂಬಾಸಿಡರ್‌ಗೂ ಎಂಜಿನ್ ಒಂದೇ' ಎಂಬ ಮಾತು ಹಳೆಯ ಕಾರುಗಳ ಪ್ರಿಯರ ನಡುವೆ ಆಗಾಗ ಕೇಳಿಬರುತ್ತದೆ. ಮಾತು ಪೂರ್ತಿ ಸುಳ್ಳಲ್ಲ. 1955ರ ಎಂಜಿಎ ಕಾರಿನಲ್ಲಿದ್ದುದೂ 1489 ಸಿಸಿಯ ಬಿ ಸೀರೀಸ್ ಎಂಜಿನ್ನೇ. ಅದು ಸುಮಾರು 70 ಅಶ್ವಶಕ್ತಿ ಕೊಡುತ್ತಿದ್ದರೆ ಅಂಬಾಸಿಡರ್‌ನದು ಸುಮಾರು 50. ಹಾಗಾಗಿ ಎಂಜಿನ್ ಹೇಗಿದ್ದರೂ ಕೆಳಗಿಳಿದಿದೆ, ಇದೇ ಸಮಯದಲ್ಲಿ ಬಿರುಸಿನ ಕ್ಯಾಮ್‌ಶಾಫ್ಟ್ ಹಾಕಿಸಿಬಿಡೋಣ ಎಂಬ ಆಸೆ ಹುಟ್ಟುವುದು ಸಹಜ.

ಆದರೆ ಎಂಜಿ ಕಾರುಗಳ ಹೆಚ್ಚುವರಿ ಶಕ್ತಿ ಕ್ಯಾಮ್‌ಶಾಫ್ಟ್ ಒಂದರಿಂದಲೇ ಬಂದದ್ದಲ್ಲ. ಅವುಗಳಲ್ಲಿ ಜೋಡಿ ಎಸ್‌ಯು ಕಾರ್ಬುರೇಟರ್‌ಗಳಿದ್ದವು, ಸಂಕೋಚನ ಅನುಪಾತ ಹೆಚ್ಚಿತ್ತು. ಎಂಜಿಬಿಯಲ್ಲಿ ಅದು 8.8ಕ್ಕೆ 1. ಹಗುರವಾದ ಎರಡು ಸೀಟಿನ ಕಾರಿಗೆ ಹೊಂದುವ ಗೇರ್ ಅನುಪಾತವಿತ್ತು. ಅಂಬಾಸಿಡರ್‌ನಲ್ಲಿರುವುದು ಒಂದೇ ಕಾರ್ಬುರೇಟರ್, ಕಡಿಮೆ ಸಂಕೋಚನ, ಒಂದು ಟನ್ ಮೀರಿದ ತೂಕ. ಒಳವಾಲ್ವ್ ತಡವಾಗಿ ಮುಚ್ಚುವ ಕ್ಯಾಮ್‌ಶಾಫ್ಟ್ ಹಾಕಿದರೆ ಮೊದಲೇ ಕಡಿಮೆ ಇರುವ ಸಂಕೋಚನ ನಿಧಾನ ವೇಗದಲ್ಲಿ ಮತ್ತಷ್ಟು ಇಳಿಯುತ್ತದೆ.

ಬಿ ಸೀರೀಸ್ ಹೆಡ್‌ಗೆ ಇನ್ನೊಂದು ಮಿತಿಯೂ ಇದೆ. ನಾಲ್ಕು ಸಿಲಿಂಡರ್‌ಗೆ ಗಾಳಿ ಬರುವ ದ್ವಾರಗಳು ಎರಡೇ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಂದೇ ದ್ವಾರವನ್ನು ಹಂಚಿಕೊಳ್ಳುತ್ತವೆ. ವಾಲ್ವ್ ತೆರೆದಿರುವ ಅವಧಿ ಹಿಗ್ಗಿದಷ್ಟೂ ಒಂದರ ಪಾಲನ್ನು ಇನ್ನೊಂದು ಕಸಿಯುವ ಸಾಧ್ಯತೆ ಹೆಚ್ಚು.

ನಾಲ್ಕೈದು ಮಂದಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಏರುವಾಗ, ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಇಂಚಿಂಚಾಗಿ ಸಾಗುವಾಗ ಬೇಕಾದದ್ದು ಕಡಿಮೆ ವೇಗದಲ್ಲೂ ಎಳೆಯುವ ಬಲ. ಉದ್ದನೆಯ 88.9 ಮಿಲಿಮೀಟರ್ ಸ್ಟ್ರೋಕ್‌ನ ಈ ಎಂಜಿನ್ನಿನ ನಿಜವಾದ ಶಕ್ತಿಯೂ ಅದೇ. ಆದ್ದರಿಂದ ಮನೆ ಬಳಕೆಯ ಅಂಬಾಸಿಡರ್‌ಗೆ ಕಾರ್ಖಾನೆಯ ಮೂಲ ಅಳತೆಯ ಕ್ಯಾಮ್‌ಶಾಫ್ಟೇ ಸರಿ. ಆಯ್ಕೆಯ ಪ್ರಶ್ನೆ ಹಾಗಾದರೆ ಯಾವುದು ಬಲಿಷ್ಠ ಎಂಬುದಲ್ಲ, ಯಾವುದು ಸವೆದಿಲ್ಲ ಎಂಬುದು.

ಕೊಳ್ಳುವ ಮುನ್ನ ಪರೀಕ್ಷೆ

ಅದೃಷ್ಟವಶಾತ್ ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟಿನ ಸ್ಥಿತಿ ತಿಳಿಯಲು ಎಲ್ಲವನ್ನೂ ಬಿಚ್ಚಬೇಕಾಗಿಲ್ಲ. ಬ್ಲಾಕಿನ ಪಕ್ಕದಲ್ಲಿ ತಗಡಿನ ಮುಚ್ಚಳಗಳಿವೆ. ರಾಕರ್ ಜೋಡಣೆ ಮತ್ತು ಪುಶ್‌ರಾಡ್‌ಗಳನ್ನು ತೆಗೆದು ಈ ಮುಚ್ಚಳ ಬಿಚ್ಚಿದರೆ ಟ್ಯಾಪೆಟ್‌ಗಳನ್ನು ಕೈಯಿಂದಲೇ ಹೊರತೆಗೆಯಬಹುದು. ಅಂಗಡಿಯವರನ್ನು ಇಷ್ಟು ಕೇಳುವುದರಲ್ಲಿ ಸಂಕೋಚ ಬೇಡ.

ತೆಗೆದ ಟ್ಯಾಪೆಟ್‌ಗಳನ್ನು ಒಂದರಿಂದ ಎಂಟರವರೆಗೆ ಕ್ರಮವಾಗಿ ಇಡಬೇಕು. ತಳ ನಯವಾಗಿ, ಹೊಳಪಾಗಿ ಇದ್ದರೆ ಒಳ್ಳೆಯದು. ಚಿಕ್ಕ ಗುಂಡಿಗಳು ಬಿದ್ದಿದ್ದರೆ ಅಥವಾ ತಳ ಬಟ್ಟಲಿನಂತೆ ಒಳಗೆ ಸವೆದಿದ್ದರೆ ಅದರ ಕೆಳಗಿನ ಉಬ್ಬೂ ಕೆಟ್ಟಿದೆಯೆಂದೇ ತಿಳಿಯಬೇಕು. ಇದಕ್ಕೆ ಮುನ್ನವೇ, ರಾಕರ್ ಜೋಡಣೆ ಸ್ಥಾನದಲ್ಲಿರುವಾಗ, ಡಯಲ್ ಗೇಜ್ ಇಟ್ಟು ಎಂಜಿನ್ನನ್ನು ಕೈಯಿಂದ ತಿರುಗಿಸಿ ಪ್ರತಿ ವಾಲ್ವ್ ಎಷ್ಟು ಏಳುತ್ತದೆ ಎಂದು ಅಳೆಯಬಹುದು. ಒಂದು ವಾಲ್ವ್ ಉಳಿದವುಗಳಿಗಿಂತ ಸ್ಪಷ್ಟವಾಗಿ ಕಡಿಮೆ ಎದ್ದರೆ ಆ ಉಬ್ಬು ಸವೆದಿರುವ ಸಂಭವವೇ ಹೆಚ್ಚು.

ಓಡುತ್ತಿರುವ ಎಂಜಿನ್ನಾದರೆ ಬೇರೆ ಸುಳಿವುಗಳೂ ಸಿಗುತ್ತವೆ. ಕ್ಯಾಮ್‌ಶಾಫ್ಟ್ ಉಬ್ಬು ಸವೆಯುತ್ತಿದ್ದರೆ ಟ್ಯಾಪೆಟ್ ಅಂತರವನ್ನು ಎಷ್ಟು ಬಾರಿ ಸರಿಮಾಡಿದರೂ ಒಂದೇ ವಾಲ್ವ್‌ನಲ್ಲಿ ಅದು ಮತ್ತೆ ಮತ್ತೆ ಹೆಚ್ಚುತ್ತದೆ. ಹೊಗೆ ಹೋಗುವ ವಾಲ್ವ್‌ನ ಉಬ್ಬು ಸವೆದಿದ್ದರೆ ಹೊಗೆ ಪೂರ್ತಿ ಹೊರಹೋಗದೆ ಕಾರ್ಬುರೇಟರ್‌ನಲ್ಲಿ ಪಟಪಟ ಸದ್ದು ಬರಬಹುದು.

ಟೈಮಿಂಗ್ ಚೈನನ್ನೂ ಮರೆಯಬಾರದು. ಚೈನ್ ಸವೆದು ಉದ್ದವಾದರೆ ಕ್ಯಾಮ್‌ಶಾಫ್ಟ್ ಹಿಂದೆ ಬಿದ್ದು ವಾಲ್ವ್‌ಗಳು ತಡವಾಗಿ ತೆರೆಯುತ್ತವೆ, ಪಿಕಪ್ ಇಳಿಯುತ್ತದೆ. ಕ್ಯಾಮ್‌ಶಾಫ್ಟಿನ ದೋಷವೆಂದು ತಿಳಿದದ್ದು ಕೆಲವೊಮ್ಮೆ ಚೈನಿನ ದೋಷವಾಗಿರುತ್ತದೆ. ಎಂಜಿನ್ ಹೊರಗಿರುವಾಗಲೇ ಹೊಸ ಚೈನ್ ಹಾಕಿಸುವುದು ಜಾಣತನ.

ಮೂರು ದಾರಿ, ಒಂದು ನಿಯಮ

ಪರೀಕ್ಷೆಯ ಬಳಿಕ ಮೂರು ದಾರಿಗಳಿವೆ. ಎಂಜಿನ್ನಿನಲ್ಲಿರುವ ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್‌ಗಳು ಚೆನ್ನಾಗಿದ್ದರೆ ಅವನ್ನು ಅಲುಗಿಸದೆ ಉಳಿಸಿಕೊಳ್ಳುವುದು ಮೊದಲನೆಯದು. ಇದೇ ಎಲ್ಲಕ್ಕಿಂತ ಸುರಕ್ಷಿತ. ಟ್ಯಾಪೆಟ್ ತೆಗೆದಿದ್ದರೆ ಪ್ರತಿಯೊಂದೂ ತನ್ನ ಹಳೆಯ ಸ್ಥಾನಕ್ಕೇ ಮರಳಬೇಕು. ಎರಡನೆಯದು ಹೊಸ ಕ್ಯಾಮ್‌ಶಾಫ್ಟ್. ಮೂರನೆಯದು ಸವೆದದ್ದನ್ನೇ ಮತ್ತೆ ಗ್ರೈಂಡ್ ಮಾಡಿಸುವುದು. ಮೇಲ್ಪದರದ ಗಟ್ಟಿ ಲೋಹ ಉಳಿದಿದ್ದರೆ ಮಾತ್ರ ಇದು ಬಾಳುತ್ತದೆ. ಆದ್ದರಿಂದ ಅನುಭವವಿರುವ ಕಾರ್ಯಾಗಾರವನ್ನೇ ಹುಡುಕಬೇಕು.

ಕೆಟ್ಟುಹೋದ ಹಳೆಯ ಎಂಜಿನ್ನಿನ ಕ್ಯಾಮ್‌ಶಾಫ್ಟನ್ನು ಬಿಚ್ಚಿ ಬದಲಿ ಎಂಜಿನ್ನಿಗೆ ಹಾಕುವುದೂ ಉಂಟು. ಅದರದೇ ಟ್ಯಾಪೆಟ್‌ಗಳನ್ನು ಅದೇ ಕ್ರಮದಲ್ಲಿ ತಂದರೂ ಬೇರೆ ಬ್ಲಾಕಿನಲ್ಲಿ ಅವು ಹಾಗೆಯೇ ಹೊಂದುತ್ತವೆಂಬ ಭರವಸೆ ಇಲ್ಲ.

ಯಾವ ದಾರಿ ಹಿಡಿದರೂ ಮರೆಯಬಾರದ ನಿಯಮವೆಂದರೆ, ಹೊಸ ಅಥವಾ ಗ್ರೈಂಡ್ ಮಾಡಿಸಿದ ಕ್ಯಾಮ್‌ಶಾಫ್ಟ್ ಮೇಲೆ ಹಳೆಯ ಟ್ಯಾಪೆಟ್ ಹಾಕಬಾರದು. ಬಳಸಿದ ಟ್ಯಾಪೆಟ್ ತನ್ನ ಹಳೆಯ ಉಬ್ಬಿನೊಡನೆ ಉಜ್ಜಿ ಅದಕ್ಕೆ ಒಗ್ಗಿರುತ್ತದೆ. ಹೊಸ ಉಬ್ಬಿನ ಮೇಲೆ ಅದು ಸರಿಯಾಗಿ ತಿರುಗದೆ ಒಂದೇ ಕಡೆ ಕೊರೆಯುತ್ತದೆ. ಎಂಟು ಟ್ಯಾಪೆಟ್‌ಗಳ ಬೆಲೆ ಉಳಿಸಲು ಹೋಗಿ ಕ್ಯಾಮ್‌ಶಾಫ್ಟನ್ನೇ ಕಳೆದುಕೊಳ್ಳುವ ಪ್ರಸಂಗ ಬರುವುದು ಹೀಗೆ.

ಕೊಳ್ಳುವ ಕ್ಯಾಮ್‌ಶಾಫ್ಟನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಬೇರಿಂಗ್ ಕೂರುವ ಜಾಗಗಳ ಅಳತೆ, ಡಿಸ್ಟ್ರಿಬ್ಯೂಟರ್ ಮತ್ತು ಆಯಿಲ್ ಪಂಪ್ ನಡೆಸುವ ಹಲ್ಲುಗಳು, ಮುಂದಿನ ತುದಿ ಎಲ್ಲವೂ ಹೊಂದಬೇಕು. ಕಾರಿನಲ್ಲಿ ಪೆಟ್ರೋಲ್ ಪಂಪ್ ಎಂಜಿನ್ನಿನಿಂದಲೇ ನಡೆಯುವಂಥದ್ದಾದರೆ ಅದನ್ನು ಒತ್ತುವ ಪ್ರತ್ಯೇಕ ಉಬ್ಬು ಕ್ಯಾಮ್‌ಶಾಫ್ಟಿನಲ್ಲಿರಲೇಬೇಕು. ಎಂಜಿಬಿಯಂಥ ಕಾರುಗಳಲ್ಲಿದ್ದುದು ವಿದ್ಯುತ್ ಪಂಪ್. ಅಂಥ ಎಂಜಿನ್ನಿನ ಕ್ಯಾಮ್‌ಶಾಫ್ಟಿನಲ್ಲಿ ಈ ಉಬ್ಬು ಇರಬೇಕೆಂದಿಲ್ಲ. ಡೀಸೆಲ್ ಅಂಬಾಸಿಡರ್‌ನ ಕ್ಯಾಮ್‌ಶಾಫ್ಟ್ ಪೆಟ್ರೋಲ್ ಎಂಜಿನ್ನಿಗೆ ಬೇಡ.

ಮೊದಲ 20 ನಿಮಿಷ

ಹೊಸ ಕ್ಯಾಮ್‌ಶಾಫ್ಟಿನ ಆಯುಷ್ಯ ನಿರ್ಧಾರವಾಗುವುದು ಎಂಜಿನ್ ಮೊದಲ ಬಾರಿ ಹೊತ್ತಿಕೊಂಡ ಗಳಿಗೆಯಲ್ಲಿ. ಜೋಡಿಸುವಾಗ ಉಬ್ಬುಗಳಿಗೆ ಮತ್ತು ಟ್ಯಾಪೆಟ್ ತಳಕ್ಕೆ ಇದಕ್ಕೆಂದೇ ದೊರೆಯುವ ದಪ್ಪ ಲೇಪ ಹಚ್ಚಬೇಕು. ಎಂಜಿನ್ ಶುರುವಾದ ಕೂಡಲೇ ಐಡ್ಲಿಂಗ್‌ನಲ್ಲಿ ಬಿಡದೆ ನಿಮಿಷಕ್ಕೆ ಸುಮಾರು 2000 ಸುತ್ತಿನ ವೇಗದಲ್ಲಿ 20 ನಿಮಿಷ ಓಡಿಸಬೇಕು. ಉಬ್ಬುಗಳಿಗೆ ಎಣ್ಣೆ ತಲುಪುವುದು ಮುಖ್ಯವಾಗಿ ಕ್ರ್ಯಾಂಕ್‌ಶಾಫ್ಟ್ ಎರಚುವ ಹನಿಗಳಿಂದ. ನಿಧಾನವಾಗಿ ತಿರುಗಿದರೆ ಹನಿ ಸಾಲದು. ಆದ್ದರಿಂದ ಇಗ್ನಿಷನ್, ಕಾರ್ಬುರೇಟರ್, ರೇಡಿಯೇಟರ್ ನೀರು ಎಲ್ಲವನ್ನೂ ಮೊದಲೇ ಸಿದ್ಧಮಾಡಿಕೊಂಡು ಕೀಲಿ ತಿರುಗಿಸಬೇಕು.

ಎಂಜಿನ್ ಆಯಿಲ್ ವಿಷಯದಲ್ಲೂ ಎಚ್ಚರ ಅಗತ್ಯ. ಲೋಹಕ್ಕೆ ಲೋಹ ತಾಗುವಲ್ಲಿ ಕಾಪಾಡುವುದು ಆಯಿಲಿನಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಇದು ಹಾನಿಕರವಾದ ಕಾರಣ 2004ರ ಎಪಿಐ ಎಸ್‌ಎಂ ದರ್ಜೆಯಿಂದ ತೆಳು ಆಯಿಲ್‌ಗಳಲ್ಲಿ ರಂಜಕದ ಮಿತಿ ಶೇ 0.08ಕ್ಕೆ ಇಳಿದಿದೆ. ಹೊಸ ಕಾರುಗಳ ತೆಳು ಆಯಿಲ್ ಅಂಬಾಸಿಡರ್‌ಗೆ ತಕ್ಕುದಲ್ಲ. 20ಡಬ್ಲ್ಯು-50ರಂಥ ದಪ್ಪ ದರ್ಜೆಗಳಿಗೆ ಆ ಮಿತಿ ಅನ್ವಯಿಸುವುದಿಲ್ಲ.

ಕಾನೂನಿನ ಕಣ್ಣಲ್ಲಿ

ಕ್ಯಾಮ್‌ಶಾಫ್ಟ್ ಬದಲಾದದ್ದು ಆರ್.ಸಿ. ಪುಸ್ತಕದಲ್ಲಿ ಕಾಣುವುದಿಲ್ಲ, ಆದರೆ ಎಂಜಿನ್ ಸಂಖ್ಯೆ ಕಾಣುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಿಸಿದವರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ದಾಖಲೆಯಲ್ಲಿ ನಮೂದಿಸಿಕೊಳ್ಳಬೇಕು. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಅದೇ ಮಾದರಿಯ ಎಂಜಿನ್ ಕೊಳ್ಳುವುದು, ಸಂಖ್ಯೆ ಅಳಿಸಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಬಿಲ್ ಪಡೆಯುವುದು ಕ್ಷೇಮ. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ ಎಂಜಿನ್ ಸಂಖ್ಯೆ ತಾಳೆಯಾಗದಿದ್ದರೆ ಅಲ್ಲಿ ಸಿಕ್ಕಿಬೀಳುವುದು ಖಂಡಿತ.

ಹೊಗೆ ತಪಾಸಣೆಯಲ್ಲೂ ಕ್ಯಾಮ್‌ಶಾಫ್ಟಿನ ಪಾತ್ರವಿದೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3, ಹೈಡ್ರೋಕಾರ್ಬನ್ 1500 ಪಿಪಿಎಂ ಮೀರಬಾರದು. ಎರಡೂ ವಾಲ್ವ್ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿರುವ ಬಿರುಸಿನ ಕ್ಯಾಮ್‌ಶಾಫ್ಟ್ ಐಡ್ಲಿಂಗ್‌ನಲ್ಲಿ ಉರಿಯದ ಪೆಟ್ರೋಲನ್ನು ಹೊರಗೆ ಬಿಟ್ಟು ಈ ಮಿತಿ ದಾಟಿಸಬಹುದು.

ಒಟ್ಟಿನಲ್ಲಿ, ಬದಲಿ ಎಂಜಿನ್ ನೋಡಲು ಹೋಗುವವರು ಹಣ ಎಣಿಸುವ ಮುನ್ನ ಪಕ್ಕದ ಮುಚ್ಚಳ ಬಿಚ್ಚಿಸಿ ಎಂಟು ಟ್ಯಾಪೆಟ್‌ಗಳ ತಳ ನೋಡಬೇಕು. ಚೆನ್ನಾಗಿದ್ದರೆ ಹಾಗೆಯೇ ಉಳಿಸಿಕೊಳ್ಳಬೇಕು. ಕೆಟ್ಟಿದ್ದರೆ ಮೂಲ ಅಳತೆಯ ಕ್ಯಾಮ್‌ಶಾಫ್ಟ್ ಮತ್ತು ಎಂಟು ಹೊಸ ಟ್ಯಾಪೆಟ್‌ಗಳ ಬೆಲೆಯನ್ನು ಎಂಜಿನ್ ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಬೇಕು.