ಅನುವಾದದ ಯಂತ್ರಕ್ಕೆ ಸಾವೆಂದರೇನು?

2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ನಿಧನರಾದರು. ಮುಖ್ಯಮಂತ್ರಿ ಸಿದ್ದರಾಮಯ್ಯ ನಟಿಯ ಅಂತಿಮ ದರ್ಶನ ಪಡೆದ ಕುರಿತ ಕನ್ನಡ ಬರಹವನ್ನು ಮೆಟಾ ಕಂಪನಿಯ ಯಂತ್ರ ಇಂಗ್ಲಿಷಿಗೆ ತಂದಾಗ, ತೀರಿಕೊಂಡವರು ಮುಖ್ಯಮಂತ್ರಿಯೇ ಎಂದಾಗಿತ್ತು! ಕನ್ನಡದಲ್ಲಿ ‘ನಿಧನರಾದ’ ಎಂಬುದು ಮುಂದಿನ ಹೆಸರಿಗೆ ಸೇರುತ್ತದೆ. ಯಂತ್ರ ಅದನ್ನು ಹಿಂದಿನ ಹೆಸರಿಗೆ ಅಂಟಿಸಿತು.

ಇಂಥ ಯಂತ್ರ ಅಪಾರ ಬರಹಗಳಿಂದ ಪದಗಳ ಹೊಂದಾಣಿಕೆ ಕಲಿತು, ಸಂಭವನೀಯ ವಾಕ್ಯವನ್ನು ಲೆಕ್ಕ ಹಾಕುತ್ತದೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಬೆರೆತ, ದಕ್ಷಿಣ ಕನ್ನಡದ ಫರಂಗಿಪೇಟೆಯ ಪೇಟೆಮಾತು ಅದಕ್ಕೆ ಇನ್ನೂ ಕಠಿಣ.

ಹೀಗೆ ಲೆಕ್ಕ ಹಾಕುವ ಯಂತ್ರಕ್ಕೆ ಸಾವಿನ ಅರ್ಥ ತಿಳಿಯುವಂಥ ಪ್ರಜ್ಞೆ ಬಂದೀತೇ? ತಜ್ಞರಲ್ಲಿ ಒಮ್ಮತವಿಲ್ಲ. ಹೊಣೆಯ ಪ್ರಶ್ನೆ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ನಿಖರತೆ ಸುಧಾರಿಸುವ ತನಕ ಕನ್ನಡದ ಸ್ವಯಂ ಅನುವಾದ ನಿಲ್ಲಿಸುವಂತೆ ಮುಖ್ಯಮಂತ್ರಿ ಕಚೇರಿ ಮೆಟಾಕ್ಕೆ ಪತ್ರ ಬರೆಯಿತು. ಕ್ಷಮೆ ಕೇಳಿದ್ದು ಕಂಪನಿ, ಯಂತ್ರವಲ್ಲ.