ಮೈಸೂರಿಗೆಂದು ಹೊರಟು ಮದನಪಲ್ಲಿಗೆ!

ಹೈಸ್ಕೂಲಿನಲ್ಲಿ ತ್ರಿಕೋನಮಿತಿಯನ್ನು ಓದಿದವರಿಗೆಲ್ಲ ತೆಂಗಿನ ಮರದ ಲೆಕ್ಕ ನೆನಪಿದ್ದೀತು. ಕೋನವನ್ನು ಕೊಟ್ಟು ಎತ್ತರವನ್ನು ಕೇಳುತ್ತಿದ್ದರು. ಗಣಕಯಂತ್ರದ ಮುಂದೆ ಬರುವ ಪ್ರಶ್ನೆ ಅನೇಕ ವೇಳೆ ಇದಕ್ಕೆ ತಿರುವುಮುರುವು: ಅಳತೆಗಳು ತಿಳಿದಿವೆ, ಕೋನವೆಷ್ಟು? ಇದಕ್ಕೆ ಉತ್ತರ ಕೊಡುವುದೇ ವಿಲೋಮ ತ್ರಿಕೋನಮಿತಿ. ಮೊಬೈಲಿನ ನಕ್ಷೆಯಲ್ಲಿ ದಿಕ್ಕು ತೋರುವುದಕ್ಕೂ, ಯಂತ್ರಮಾನವನ ತೋಳನ್ನು ತಿರುಗಿಸುವುದಕ್ಕೂ ಅದು ಬೇಕು. ಆದರೆ ಅದರೊಳಗೆ ಒಂದು ಮೋಸವುಂಟು.

ಬೆಂಗಳೂರಿನಿಂದ ಮೈಸೂರು ಯಾವ ದಿಕ್ಕಿಗಿದೆ? ನೈಋತ್ಯಕ್ಕೆಂದು ಮಕ್ಕಳೂ ಹೇಳಿಯಾರು. ಗಣಕಕ್ಕೆ ಅಷ್ಟು ಸಾಲದು, ಅಂಕಿಗಳು ಬೇಕು. ಮೈಸೂರು ಇಲ್ಲಿಂದ ಸುಮಾರು 102 ಕಿಲೋಮೀಟರು ಪಶ್ಚಿಮಕ್ಕೂ 74 ಕಿಲೋಮೀಟರು ದಕ್ಷಿಣಕ್ಕೂ ಇದೆ. ಪೂರ್ವ, ಉತ್ತರಗಳು ಧನ. ಪಶ್ಚಿಮ, ದಕ್ಷಿಣಗಳು ಋಣ. ಹೀಗಾಗಿ −74ನ್ನು −102ರಿಂದ ಭಾಗಿಸಬೇಕು. ಋಣವನ್ನು ಋಣದಿಂದ ಭಾಗಿಸಿದರೆ ಧನವಲ್ಲವೆ? ಬಂದ ಭಾಗಲಬ್ಧ 0.73. ಇದರ ವಿಲೋಮ ಟ್ಯಾಂಜೆಂಟನ್ನು ಕೇಳಿದರೆ ಗಣಕವು 36 ಡಿಗ್ರಿ ಎನ್ನುತ್ತದೆ. ಅಂದರೆ ಪೂರ್ವದಿಂದ ಉತ್ತರದತ್ತ 36 ಡಿಗ್ರಿ; ಈಶಾನ್ಯ! ಅದನ್ನೇ ನಂಬಿ ಅಷ್ಟೇ ದೂರ ಹಾರಿದ ವಿಮಾನವು ಮೈಸೂರಿನ ಬದಲು ಆಂಧ್ರದ ಮದನಪಲ್ಲಿಯ ಆಸುಪಾಸಿಗೆ ಹೋಗಿ ನಿಂತೀತು.

ಯಂತ್ರವನ್ನು ಬೈದು ಫಲವಿಲ್ಲ. ಭಾಗಾಕಾರ ಮುಗಿದ ಕ್ಷಣವೇ ಎರಡು ಋಣಚಿಹ್ನೆಗಳೂ ಒಂದನ್ನೊಂದು ನುಂಗಿ, ದಿಕ್ಕಿನ ಗುರುತು ಅಳಿಸಿಹೋಯಿತು. ಊರು ನೇರ ಉತ್ತರಕ್ಕಿದ್ದರಂತೂ ಸೊನ್ನೆಯಿಂದ ಭಾಗಿಸುವ ಪೇಚು ಬೇರೆ.

ಇದಕ್ಕೆ ಕಂಡುಕೊಂಡ ಉಪಾಯ ಬಲು ಸರಳ: ಭಾಗಿಸಿ ಕೊಡದೆ, ಎರಡು ಅಂಕಿಗಳನ್ನೂ ಬೇರೆಬೇರೆಯಾಗಿಯೇ ಕೊಡುವುದು. 1966ರಲ್ಲಿ ಅಮೆರಿಕದಲ್ಲಿ ಗೊತ್ತುಪಡಿಸಿದ ಫೋರ್ಟ್ರಾನ್ ಭಾಷೆಯ ಮಾನದಂಡದಲ್ಲಿಯೇ ‘ಅಟಾನ್2’ ಎಂಬ ಈ ಸಾಧನವುಂಟು. ಹೆಸರಿನ ಕೊನೆಯ 2, ಕೊಡಬೇಕಾದ ಅಂಕಿಗಳು ಎರಡು ಎಂಬುದರ ಸೂಚನೆ. ಅದು ಚಿಹ್ನೆಗಳನ್ನು ಪರಿಶೀಲಿಸಿ −144 ಡಿಗ್ರಿ ಎಂದು ಸರಿಯಾದ ನೈಋತ್ಯವನ್ನೇ ತೋರಿಸುತ್ತದೆ. (ಗಣಕವು ವಾಸ್ತವವಾಗಿ ನುಡಿಯುವುದು −2.51 ಎಂದು. ಅದರ ಅಳತೆ ರೇಡಿಯನ್ನಿನದು. 180 ಡಿಗ್ರಿಗೆ 3.14 ರೇಡಿಯನ್. ಡಿಗ್ರಿಯೆಂದೇ ತಿಳಿದು ಮೋಸಹೋಗುವ ಹೊಸಬರು ಕಡಿಮೆಯೇನಲ್ಲ.)

ಸಿ, ಪೈಥಾನ್ ಮೊದಲಾದ ಇಂದಿನ ಭಾಷೆಗಳಲ್ಲಿಯೂ ಅದೇ ಹೆಸರು, ಅದೇ ಕ್ರಮ: ಮೊದಲು ಉತ್ತರ-ದಕ್ಷಿಣದ ಅಂಕಿ, ಆಮೇಲೆ ಪೂರ್ವ-ಪಶ್ಚಿಮದ್ದು. ಆದರೆ ಕಛೇರಿಗಳಲ್ಲಿ ಲೆಕ್ಕಪತ್ರಕ್ಕೆ ಬಳಸುವ ಎಕ್ಸೆಲ್ಲಿನಲ್ಲಿ ಮಾತ್ರ ಈ ಕ್ರಮ ಅದಲುಬದಲು! ಅಭ್ಯಾಸಬಲದಿಂದ ಅಲ್ಲಿಯೂ ಹಳೆಯ ಕ್ರಮದಲ್ಲಿಯೇ ಬರೆದವರ ವಿಮಾನ ಮದನಪಲ್ಲಿಗೇನೋ ಹೋಗದು. ಚಾಮರಾಜನಗರದ ಕಡೆಗೆ ಹೊರಡುತ್ತದೆ.