ಗಡಿ ದಾಟಿದ್ದು ಕರ್ನಲ್‌ಗೆ ಗೊತ್ತಾಗುವುದು ಹೇಗೆ?

ಲಿನಕ್ಸ್ ಟರ್ಮಿನಲ್‌ನಲ್ಲಿ ಯಾವುದೇ ಪ್ರೋಗ್ರಾಂನ ಹೆಸರಿಗೆ ಮೊದಲು ‘ಟೈಮ್’ ಎಂದು ಸೇರಿಸಿ ಓಡಿಸಿದರೆ ಕೊನೆಗೆ ಮೂರು ಸಾಲು ಬರುತ್ತವೆ: ರಿಯಲ್, ಯೂಸರ್, ಸಿಸ್. ಗಡಿಯಾರದ ಲೆಕ್ಕದಲ್ಲಿ ಎಷ್ಟು ಹೊತ್ತು ಹಿಡಿಯಿತು, ಪ್ರೋಗ್ರಾಂ ತನ್ನದೇ ಕೋಡ್ ಓಡಿಸಿದ್ದು ಎಷ್ಟು ಹೊತ್ತು, ಅದರ ಪರವಾಗಿ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ದುಡಿದದ್ದು ಎಷ್ಟು ಹೊತ್ತು ಎಂಬುದು ಮಿಲಿಸೆಕೆಂಡಿನವರೆಗೆ ಕಾಣುತ್ತದೆ. ಇಷ್ಟು ನಿಖರವಾಗಿ ಹೇಳಬೇಕಾದರೆ ಪ್ರೋಗ್ರಾಂ ಓಡುವ ಯೂಸರ್ ಮೋಡ್‌ನಿಂದ ಕರ್ನಲ್ ಓಡುವ ಕರ್ನಲ್ ಮೋಡ್‌ಗೆ ಗಡಿ ದಾಟಿ ಹೋದಾಗ, ಹಿಂದಿರುಗಿದಾಗ, ಪ್ರತಿ ಸಲವೂ ಕರ್ನಲ್ ಸಮಯ ಬರೆದಿಟ್ಟುಕೊಂಡಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನಮ್ಮ ನಿಮ್ಮ ಮೇಜಿನ ಮೇಲಿರುವ ಸಾಮಾನ್ಯ ಪಿಸಿಯಲ್ಲಿ ಅದು ಹಾಗೆ ಮಾಡುವುದಿಲ್ಲ.

ಯಾವ ಮೋಡ್‌ನಲ್ಲಿ ಇದ್ದೇವೆ ಎಂಬುದು ಒಂದು ವಿಷಯ, ಅದರ ಬಗ್ಗೆ ಕರ್ನಲ್ ಇಟ್ಟುಕೊಂಡ ದಾಖಲೆ ಇನ್ನೊಂದು ವಿಷಯ. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಈ ಕ್ಷೇತ್ರದ ಬಹುಪಾಲು ತಪ್ಪು ಕಲ್ಪನೆಗಳು ಹುಟ್ಟಿಕೊಂಡಿವೆ.

ತಪ್ಪು ಕಲ್ಪನೆ: ಕರ್ನಲ್ ಹಿನ್ನೆಲೆಯಲ್ಲಿ ಸದಾ ಓಡುತ್ತ ಪ್ರೋಗ್ರಾಂಗಳ ಮೇಲೆ ಕಣ್ಣಿಟ್ಟಿರುತ್ತದೆ

ಒಂದು ಪ್ರೊಸೆಸರ್ ಕೋರ್ ಮೇಲೆ ನಿಮ್ಮ ಪ್ರೋಗ್ರಾಂ ಓಡುತ್ತಿರುವಷ್ಟು ಹೊತ್ತು ಆ ಕೋರ್ ಮೇಲೆ ಕರ್ನಲ್ ಓಡುತ್ತಿರುವುದಿಲ್ಲ. ಅದರ ಕೋಡ್ ಮೆಮೊರಿಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಕೋರ್ ಅದರ ಕೈಗೆ ಬರಬೇಕಾದರೆ ಮೂರರಲ್ಲಿ ಒಂದು ಆಗಬೇಕು: ಪ್ರೋಗ್ರಾಂ ತಾನಾಗಿ ಕರ್ನಲ್‌ನ ನೆರವು ಕೇಳಿ ಸಿಸ್ಟಮ್ ಕಾಲ್ ಮಾಡಬೇಕು, ಇಲ್ಲವೇ ಪೇಜ್ ಫಾಲ್ಟ್‌ನಂಥ ಎಕ್ಸೆಪ್ಷನ್ ಏಳಬೇಕು, ಇಲ್ಲವೇ ಟೈಮರ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಯಾವುದಾದರೂ ಇಂಟರಪ್ಟ್ ಕಳಿಸಬೇಕು.

ಹಾಗಾದರೆ ಮೋಡ್ ಎಲ್ಲಿರುತ್ತದೆ? ಪ್ರೊಸೆಸರ್‌ನೊಳಗೆ. ಇಂಟೆಲ್ ಮತ್ತು ಎಎಂಡಿಯ ಎಕ್ಸ್86 ಪ್ರೊಸೆಸರ್‌ಗಳಲ್ಲಿ ‘ಸಿಎಸ್’ ಎಂಬ ರಿಜಿಸ್ಟರ್‌ನ ಕೊನೆಯ ಎರಡು ಬಿಟ್‌ಗಳೇ ಅದು. 1982ರ 80286 ಚಿಪ್ ಸೊನ್ನೆಯಿಂದ ಮೂರರವರೆಗೆ ನಾಲ್ಕು ಅಧಿಕಾರ ಮಟ್ಟಗಳನ್ನು, ಅಂದರೆ ರಿಂಗ್‌ಗಳನ್ನು ಕೊಟ್ಟಿತು. ಲಿನಕ್ಸ್ ಬಳಸುವುದು ಎರಡನ್ನು ಮಾತ್ರ: ಕರ್ನಲ್‌ಗೆ ಸೊನ್ನೆ, ಪ್ರೋಗ್ರಾಂಗಳಿಗೆ ಮೂರು. ಇಂಟರಪ್ಟ್ ಬಂದಾಗ ಪ್ರೊಸೆಸರ್ ಹಳೆಯ ಸಿಎಸ್ ಬೆಲೆಯನ್ನು ಸ್ಟ್ಯಾಕ್ ಮೇಲೆ ಇಟ್ಟು ಕರ್ನಲ್‌ಗೆ ಜಿಗಿಯುತ್ತದೆ. ‘ನಾನು ಯಾರನ್ನು ತಡೆದು ಬಂದೆ?’ ಎಂದು ತಿಳಿಯಲು ಕರ್ನಲ್ ಆ ಎರಡು ಬಿಟ್‌ಗಳನ್ನು ಓದುತ್ತದೆ. ಮೂರು ಇದ್ದರೆ ಯೂಸರ್ ಮೋಡ್, ಸೊನ್ನೆ ಇದ್ದರೆ ಕರ್ನಲ್‌ನದೇ ಕೆಲಸದ ಮಧ್ಯೆ ಇಂಟರಪ್ಟ್ ಬಂದಿದೆ ಎಂದರ್ಥ. ನಿಮ್ಮ ಮೊಬೈಲಿನ ಆರ್ಮ್ 64-ಬಿಟ್ ಪ್ರೊಸೆಸರ್‌ನಲ್ಲಿ ಇಷ್ಟು ಕೇಳುವ ಅಗತ್ಯವೂ ಇಲ್ಲ. ಯೂಸರ್ ಕಡೆಯಿಂದ ಬಂದ ಇಂಟರಪ್ಟ್‌ಗೆ ಒಂದು ಬಾಗಿಲು, ಕರ್ನಲ್ ಕಡೆಯಿಂದ ಬಂದದ್ದಕ್ಕೆ ಬೇರೆ ಬಾಗಿಲು ಎಂದು ಅದರ ವೆಕ್ಟರ್ ಪಟ್ಟಿಯಲ್ಲೇ ವಿಂಗಡಣೆ ಆಗಿದೆ.

ಅಂದರೆ ಕರ್ನಲ್‌ಗೆ ಇದು ತಿಳಿಯುವುದು ತಾನು ಓಡುವಾಗ ಮಾತ್ರ, ಅದೂ ಆಗಿಹೋದದ್ದರ ಬಗ್ಗೆ.

ತಪ್ಪು ಕಲ್ಪನೆ: ಯೂಸರ್ ಮತ್ತು ಸಿಸ್ ಅಂಕಿಗಳು ಅಳತೆ ಮಾಡಿದವು

ಸಾಮಾನ್ಯ ಲಿನಕ್ಸ್ ಪಿಸಿಯಲ್ಲಿ ಅವು ಅಂದಾಜು. ಟೈಮರ್ ಸೆಕೆಂಡಿಗೆ ಇಷ್ಟು ಸಲ ಎಂದು ನಿಗದಿಯಾಗಿ ಇಂಟರಪ್ಟ್ ಕಳಿಸುತ್ತದೆ. ಕರ್ನಲ್ ಕಟ್ಟುವಾಗ ಇದನ್ನು 100, 250, 1000 ಹೀಗೆ ಆರಿಸಬಹುದು. 250 ಎಂದಿಟ್ಟುಕೊಂಡರೆ ನಾಲ್ಕು ಮಿಲಿಸೆಕೆಂಡಿಗೊಂದು ಟಿಕ್. ಪ್ರತಿ ಟಿಕ್‌ನಲ್ಲೂ ಕರ್ನಲ್ ಆ ಎರಡು ಬಿಟ್ ನೋಡಿ, ಯೂಸರ್ ಇದ್ದರೆ ಇಡೀ ಟಿಕ್ಕನ್ನು ಯೂಸರ್ ಖಾತೆಗೂ ಕರ್ನಲ್ ಇದ್ದರೆ ಸಿಸ್ ಖಾತೆಗೂ ಬರೆಯುತ್ತದೆ. ಗಂಟೆಗೊಮ್ಮೆ ಹಾಜರಿ ಕರೆಯುವ ಮೇಷ್ಟ್ರಂತೆ ಇದು: ಕರೆದ ಗಳಿಗೆಯಲ್ಲಿ ಬೆಂಚಿನ ಮೇಲೆ ಇದ್ದವನಿಗೆ ಪೂರ್ತಿ ಗಂಟೆಯ ಹಾಜರಿ. ಸರಳವಾದ ಸಿಸ್ಟಮ್ ಕಾಲ್ ಒಂದು ಮೈಕ್ರೊಸೆಕೆಂಡಿಗೂ ಮೊದಲೇ ಮುಗಿಯಬಲ್ಲದು. ನಾಲ್ಕು ಮಿಲಿಸೆಕೆಂಡಿನಲ್ಲಿ ಸಾವಿರಾರು ಸಲ ಗಡಿ ದಾಟಿ ಬಂದರೂ ಲೆಕ್ಕಕ್ಕೆ ಸಿಗುವುದು ಟಿಕ್ ಬಿದ್ದ ಆ ಒಂದು ಕ್ಷಣದ ಸ್ಥಿತಿ.

ಹಿಂದೆ ಒಟ್ಟು ಸಮಯವನ್ನೂ ಹೀಗೇ ಎಣಿಸುತ್ತಿದ್ದರು. ಅದರ ಅಪಾಯವನ್ನು 2007ರ ಯೂಸೆನಿಕ್ಸ್ ಸೆಕ್ಯುರಿಟಿ ಸಮ್ಮೇಳನದಲ್ಲಿ ಡಾನ್ ತ್ಸಫ್ರೀರ್, ಯೋವ್ ಎಟ್ಸಿಯನ್, ಡ್ರೋರ್ ಫೈಟಲ್‌ಸನ್ ಎಂಬ ಸಂಶೋಧಕರು ತೋರಿಸಿಕೊಟ್ಟರು. ಟಿಕ್ ಬೀಳುವ ಮುಂಚೆ ನಿದ್ದೆಗೆ ಜಾರಿ, ಬಿದ್ದ ಮೇಲೆ ಎದ್ದು ದುಡಿಯುವ ಪ್ರೋಗ್ರಾಂ ಪ್ರೊಸೆಸರ್‌ನ ಬಹುಪಾಲನ್ನು ನುಂಗಿಯೂ ಲೆಕ್ಕದಲ್ಲಿ ಏನೂ ಬಳಸದಂತೆ ಕಾಣಬಲ್ಲದು, ಅದಕ್ಕೆ ಯಾವ ವಿಶೇಷ ಅಧಿಕಾರವೂ ಬೇಕಿಲ್ಲ. ಅದೇ ವರ್ಷ ಲಿನಕ್ಸ್ 2.6.23ರಲ್ಲಿ ಇಂಗೊ ಮೊಲ್ನಾರ್ ಬರೆದ ಹೊಸ ಶೆಡ್ಯೂಲರ್ ಬಂತು. ಅದು ಪ್ರತಿ ಕೆಲಸದ ಒಟ್ಟು ಸಮಯವನ್ನು ನ್ಯಾನೊಸೆಕೆಂಡಿನಲ್ಲಿ ಅಳೆಯತೊಡಗಿತು.

ಒಟ್ಟು ಸರಿಹೋಯಿತು, ಪಾಲು ಮಾತ್ರ ಟಿಕ್ ಕೈಯಲ್ಲೇ ಉಳಿಯಿತು. ನಿಖರವಾದ ಒಟ್ಟು ಸಮಯವನ್ನು ತೆಗೆದುಕೊಂಡು, ಎರಡು ಖಾತೆಗಳಲ್ಲಿ ಬಿದ್ದ ಟಿಕ್‌ಗಳ ಅನುಪಾತದಲ್ಲಿ ಕರ್ನಲ್ ಅದನ್ನು ಹಂಚುತ್ತದೆ. ಪರದೆಯ ಮೇಲೆ ಮಿಲಿಸೆಕೆಂಡಿನ ಅಂಕಿ ಕಾಣುವುದು ಇದರಿಂದ. ಸಿಸ್ ಖಾತೆಗೆ ಒಂದೂ ಟಿಕ್ ಬೀಳದಷ್ಟು ಬೇಗ ಮುಗಿದುಹೋದ ಪ್ರೋಗ್ರಾಂನ ಗತಿಯೇನು? ಇಡೀ ಸಮಯ ಯೂಸರ್ ಖಾತೆಗೆ ಹೋಗುತ್ತದೆ, ಅದು ಮಾಡಿದ್ದೆಲ್ಲ ಸಿಸ್ಟಮ್ ಕಾಲ್‌ಗಳೇ ಆಗಿದ್ದರೂ. ಚಿಕ್ಕ ಪ್ರೋಗ್ರಾಂಗಳನ್ನು ಒಂದೇ ಸಲ ಓಡಿಸಿ ಯೂಸರ್ ಮತ್ತು ಸಿಸ್ ಹೋಲಿಸುವ ಅಭ್ಯಾಸ ಇರುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ದೀರ್ಘಕಾಲ ಓಡುವ ಪ್ರೋಗ್ರಾಂಗೆ ಸಾವಿರಾರು ಟಿಕ್ ಬೀಳುವುದರಿಂದ ಈ ಅಂದಾಜು ಸಾಕಷ್ಟು ನಂಬಿಕೆಗೆ ಅರ್ಹ.

ನಡುವೆ ಚಿಕ್ಕಚಿಕ್ಕ ಗೊಂದಲಗಳನ್ನು ಬಗೆಹರಿಸಿಕೊಂಡು ಮುಂದೆ ಹೋಗೋಣ. ರೂಟ್ ಬಳಕೆದಾರನಾಗಿ ಓಡಿಸಿದ ಪ್ರೋಗ್ರಾಂ ಕರ್ನಲ್ ಮೋಡ್‌ನಲ್ಲಿ ಓಡುವುದಿಲ್ಲ. ಅದರ ಕೋಡ್ ಇರುವುದೂ ಮೂರನೆಯ ರಿಂಗ್‌ನಲ್ಲೇ, ಅದು ಕೇಳಿದ್ದಕ್ಕೆ ಕರ್ನಲ್ ಇಲ್ಲ ಎನ್ನುವುದು ಕಡಿಮೆ, ಅಷ್ಟೆ. ಸಿಸ್ಟಮ್ ಕಾಲ್ ಆದಾಗಲೆಲ್ಲ ಕಾಂಟೆಕ್ಸ್ಟ್ ಸ್ವಿಚ್ ಆಗುತ್ತದೆ ಎಂದು ಎಷ್ಟೋ ನೋಟ್ಸ್‌ಗಳಲ್ಲಿ ಇರುತ್ತದೆ, ಅದೂ ತಪ್ಪು. ಮೋಡ್ ಬದಲಾದರೂ ಪ್ರಾಸೆಸ್ ಅದೇ ಇರುತ್ತದೆ. ಒಂದು ಪ್ರಾಸೆಸ್ಸನ್ನು ಇಳಿಸಿ ಇನ್ನೊಂದನ್ನು ಏರಿಸಿದಾಗ ಮಾತ್ರ ಅದು ಕಾಂಟೆಕ್ಸ್ಟ್ ಸ್ವಿಚ್. ಇನ್ನು ಸಮಯ ಕೇಳುವಂಥ ಕೆಲವು ‘ಸಿಸ್ಟಮ್ ಕಾಲ್’ಗಳು ಸಾಮಾನ್ಯವಾಗಿ ಗಡಿಯನ್ನೇ ದಾಟುವುದಿಲ್ಲ. ಕರ್ನಲ್ ಪ್ರತಿ ಪ್ರಾಸೆಸ್‌ನೊಳಗೆ ‘ವಿಡಿಎಸ್‌ಒ’ ಎಂಬ ಪುಟ್ಟ ಲೈಬ್ರರಿಯನ್ನು ಇಟ್ಟಿರುತ್ತದೆ, ಗಡಿಯಾರದ ಲೆಕ್ಕ ಅಲ್ಲೇ ಯೂಸರ್ ಮೋಡ್‌ನಲ್ಲೇ ಮುಗಿಯುತ್ತದೆ.

ತಪ್ಪು ಕಲ್ಪನೆ: ಗಡಿ ದಾಟಿದ್ದನ್ನು ಬರೆದಿಡುವುದು ಸಮಯದ ಲೆಕ್ಕಕ್ಕೆ ಮಾತ್ರ

ಕರ್ನಲ್‌ಗೆ ಈ ಮಾಹಿತಿ ನಿಜಕ್ಕೂ ಬೇಕಿರುವುದು ಇನ್ನೊಂದು ಕಾರಣಕ್ಕೆ. ಅದರ ಹೆಸರು ಆರ್‌ಸಿಯು. ಪಾಲ್ ಮೆಕೆನ್ನಿ ಮತ್ತು ಸಂಗಡಿಗರ ಈ ತಂತ್ರ 2002ರಲ್ಲಿ ಲಿನಕ್ಸ್‌ಗೆ ಸೇರಿತು. ಹಲವು ಕೋರ್‌ಗಳು ಒಂದೇ ದತ್ತಾಂಶವನ್ನು ಲಾಕ್ ಇಲ್ಲದೆ ಓದುತ್ತಿರುವಾಗ ಅದನ್ನು ಬದಲಿಸಬೇಕಾದವನು ಹೊಸ ಪ್ರತಿಯನ್ನು ಮುಂದಿಡುತ್ತಾನೆ. ಹಳೆಯ ಪ್ರತಿಯನ್ನು ಓದುತ್ತಿರುವವರು ಓದಿ ಮುಗಿಸಿದ ಮೇಲೆ ಅದರ ಮೆಮೊರಿಯನ್ನು ಬಿಡುಗಡೆ ಮಾಡುತ್ತಾನೆ. ಎಲ್ಲರೂ ಮುಗಿಸಿದರು ಎಂದು ತಿಳಿಯುವುದು ಹೇಗೆ? ಯೂಸರ್ ಮೋಡ್‌ನಲ್ಲಿರುವ ಕೋರ್ ಕರ್ನಲ್‌ನ ದತ್ತಾಂಶವನ್ನು ಹಿಡಿದುಕೊಂಡಿರಲು ಸಾಧ್ಯವೇ ಇಲ್ಲ. ಆದ್ದರಿಂದ ಕೋರ್ ಒಮ್ಮೆ ಯೂಸರ್ ಮೋಡ್‌ನಲ್ಲಿ ಕಾಣಿಸಿಕೊಂಡರೆ ಸಾಕು, ಅದರ ಕಡೆಯಿಂದ ಒಪ್ಪಿಗೆ ಸಿಕ್ಕಂತೆ. ಇದನ್ನು ವರದಿ ಮಾಡುವ ಕೆಲಸವೂ ಟಿಕ್‌ನದೇ.

ತೊಂದರೆ ಶುರುವಾಗುವುದು ಟಿಕ್ ಬೇಡ ಎಂದಾಗ. ಕ್ಷಣಮಾತ್ರದ ಅಡ್ಡಿಯೂ ಆಗಬಾರದ ಕೆಲಸಗಳಿವೆ: ಸೂಪರ್‌ಕಂಪ್ಯೂಟರ್ ಲೆಕ್ಕಾಚಾರ, ಟೆಲಿಕಾಂ ಪ್ಯಾಕೆಟ್ ಸಾಗಣೆ, ಷೇರು ವಹಿವಾಟು. ಅಂಥವರಿಗಾಗಿ 2013ರ ಲಿನಕ್ಸ್ 3.10ರಲ್ಲಿ ‘ನೋಹೆಚ್‌ಝಡ್ ಫುಲ್’ ಬಂತು. ಕೋರ್ ಮೇಲೆ ಒಂದೇ ಕೆಲಸ ಇದ್ದರೆ ಟಿಕ್ ನಿಲ್ಲುತ್ತದೆ. ಟಿಕ್ ನಿಂತರೆ ಹಾಜರಿ ಕರೆಯುವವರೇ ಇಲ್ಲ. ಸಮಯದ ಲೆಕ್ಕ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಕೋರ್ ಒಪ್ಪಿಗೆ ಕೊಡಲಿಲ್ಲವೆಂದು ಆರ್‌ಸಿಯು ಕಾಯುತ್ತ ಕೂರಬೇಕು, ಇಲ್ಲವೇ ಇಂಟರಪ್ಟ್ ಕಳಿಸಿ ಆ ಕೋರನ್ನೇ ಎಬ್ಬಿಸಬೇಕು. ಇದಕ್ಕೆ ಫ್ರೆಡೆರಿಕ್ ವೈಸ್‌ಬೆಕರ್ ಕಟ್ಟಿದ ವ್ಯವಸ್ಥೆಯೇ ಕಾಂಟೆಕ್ಸ್ಟ್ ಟ್ರ್ಯಾಕಿಂಗ್. ಇಲ್ಲಿ ಮಾತ್ರ ಕರ್ನಲ್ ಪ್ರತಿ ದಾಟುವಿಕೆಯನ್ನೂ ನಿಜವಾಗಿ ಬರೆದಿಡುತ್ತದೆ. ಪ್ರತಿ ಕೋರ್‌ಗೂ ಒಂದು ವೇರಿಯಬಲ್. ಅದರಲ್ಲಿ ಯೂಸರ್, ಕರ್ನಲ್, ಐಡಲ್, ವರ್ಚುವಲ್ ಯಂತ್ರ ಓಡುತ್ತಿದ್ದರೆ ಗೆಸ್ಟ್ ಎಂಬ ಸ್ಥಿತಿ, ಜೊತೆಗೆ ದಾಟಿದಾಗೆಲ್ಲ ಏರುವ ಒಂದು ಎಣಿಕೆ. ದೂರದ ಕೋರ್ ಮೇಲೆ ಕುಳಿತ ಆರ್‌ಸಿಯು ಆ ವೇರಿಯಬಲ್ ಓದುತ್ತದೆ. ಸ್ಥಿತಿ ಯೂಸರ್ ಎಂದಿದ್ದರೆ, ಅಥವಾ ಮೊದಲು ನೋಡಿದ್ದಕ್ಕಿಂತ ಎಣಿಕೆ ಬದಲಾಗಿ ಈ ನಡುವೆ ಆ ಕೋರ್ ಯೂಸರ್ ಮೋಡ್‌ಗೆ ಹೋಗಿಬಂದದ್ದು ಗೊತ್ತಾದರೆ, ಯಾರನ್ನೂ ಎಬ್ಬಿಸದೆ ಮುಂದುವರಿಯುತ್ತದೆ. ಸಮಯವನ್ನೂ ಇದೇ ಹೊಸ್ತಿಲಲ್ಲಿ ಅಳೆಯುತ್ತಾರೆ, ಹಾಗಾಗಿ ಈ ಕೋರ್‌ಗಳಲ್ಲಿ ಯೂಸರ್ ಮತ್ತು ಸಿಸ್ ನಿಜವಾದ ಅಳತೆಗಳು.

ಇದು ಪುಕ್ಕಟೆ ಬರುವುದಿಲ್ಲ. ಪ್ರತಿ ಸಿಸ್ಟಮ್ ಕಾಲ್‌ಗೂ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಅಟಾಮಿಕ್ ಬರಹ ಆಗಬೇಕು. ‘ನೋಹೆಚ್‌ಝಡ್ ಫುಲ್ ಹಾಕಿದರೆ ಸರ್ವರ್ ವೇಗವಾಗುತ್ತದೆ’ ಎಂಬ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಬಾರದು ಎನ್ನುವುದು ಇದಕ್ಕೇ. ಹೆಚ್ಚು ಹೊತ್ತು ಯೂಸರ್ ಮೋಡ್‌ನಲ್ಲೇ ಉಳಿಯುವ ಕೆಲಸಕ್ಕೆ ಅದು ವರ. ಸೆಕೆಂಡಿಗೆ ಲಕ್ಷಗಟ್ಟಲೆ ಸಿಸ್ಟಮ್ ಕಾಲ್ ಮಾಡುವ ಪ್ರೋಗ್ರಾಂಗೆ ಅದು ಹೊರೆ. ಬೇಡದವರಿಗೆ ಈ ಖರ್ಚು ತಗುಲಬಾರದೆಂದು ಕರ್ನಲ್ ಕೋಡ್‌ನಲ್ಲಿ ಆ ಜಾಗದಲ್ಲಿ ಏನೂ ಮಾಡದ ಇನ್‌ಸ್ಟ್ರಕ್ಷನ್ ಇರುತ್ತದೆ. ಬೂಟ್ ಆಗುವಾಗ ಕೇಳಿಕೊಂಡರೆ ಮಾತ್ರ ಅದನ್ನು ತಿದ್ದಿ ಟ್ರ್ಯಾಕಿಂಗ್ ಕೋಡ್‌ಗೆ ದಾರಿ ಮಾಡುತ್ತಾರೆ.

ತಪ್ಪು ಕಲ್ಪನೆ: ಗಡಿ ಎಂದರೆ ಒಂದು ಗೆರೆ, ಒಂದು ಇನ್‌ಸ್ಟ್ರಕ್ಷನ್‌ನಲ್ಲಿ ದಾಟಿ ಮುಗಿಯುತ್ತದೆ

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಇದು. ಎಕ್ಸ್86ರಲ್ಲಿ ಪ್ರೋಗ್ರಾಂ ‘ಸಿಸ್‌ಕಾಲ್’ ಇನ್‌ಸ್ಟ್ರಕ್ಷನ್ ಓಡಿಸಿದಾಗ ಪ್ರೊಸೆಸರ್ ರಿಂಗನ್ನು ಸೊನ್ನೆ ಮಾಡಿ, ಹಿಂದಿರುಗುವ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲೂ ಫ್ಲ್ಯಾಗ್‌ಗಳನ್ನು ಆರ್11ರಲ್ಲೂ ಇಟ್ಟು, ಕರ್ನಲ್‌ನ ಬಾಗಿಲಿಗೆ ಜಿಗಿಯುತ್ತದೆ. ಸ್ಟ್ಯಾಕ್ ಬದಲಿಸುವುದಿಲ್ಲ. ಕರ್ನಲ್ ತನ್ನ ಕೋರ್‌ನ ದತ್ತಾಂಶವನ್ನು ಹುಡುಕಲು ಬಳಸುವ ಜಿಎಸ್ ಬೇಸ್ ಇನ್ನೂ ಯೂಸರ್‌ನದೇ ಆಗಿರುತ್ತದೆ. ಕರ್ನಲ್ ಮೊದಲು ‘ಸ್ವಾಪ್‌ಜಿಎಸ್’ ಓಡಿಸಿ ಅದನ್ನು ಬದಲಿಸಬೇಕು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ದೋಷ ಬಯಲಾದ ಮೇಲೆ, ಅದಕ್ಕೆ ತುತ್ತಾಗುವ ಚಿಪ್‌ಗಳಲ್ಲಿ ಪೇಜ್ ಟೇಬಲ್ಲನ್ನೂ ಬದಲಿಸಬೇಕು. ಆಮೇಲೆ ಕರ್ನಲ್ ಸ್ಟ್ಯಾಕ್. ಅದಾದ ಮೇಲೆ ಕಾಂಟೆಕ್ಸ್ಟ್ ಟ್ರ್ಯಾಕಿಂಗ್‌ನ ದಾಖಲೆ.

ಈ ಕೆಲವೇ ಇನ್‌ಸ್ಟ್ರಕ್ಷನ್‌ಗಳ ನಡುವೆ, ಸ್ವಾಪ್‌ಜಿಎಸ್‌ಗೂ ಮೊದಲು, ತಡೆಯಲಾಗದ ಇಂಟರಪ್ಟ್ ಅಂದರೆ ಎನ್‌ಎಂಐ ಬಂದರೆ? ಸಿಎಸ್ ನೋಡಿದರೆ ‘ಕರ್ನಲ್ ಮೋಡ್’ ಎನ್ನುತ್ತದೆ. ಆದರೆ ಜಿಎಸ್ ಇನ್ನೂ ಯೂಸರ್‌ನದು. ಎರಡು ಬಿಟ್ ನಂಬಿ ಮುಂದೆ ಹೋದರೆ ಕರ್ನಲ್ ಯಾರದೋ ಮೆಮೊರಿಯನ್ನು ತನ್ನದೆಂದು ಓದುತ್ತದೆ. ಆದ್ದರಿಂದ ಎನ್‌ಎಂಐನಂಥವುಗಳಿಗೆ ಲಿನಕ್ಸ್‌ನಲ್ಲಿ ‘ಪ್ಯಾರನಾಯ್ಡ್’ ಎಂಬ ಪ್ರತ್ಯೇಕ ಪ್ರವೇಶ ಕೋಡ್ ಇದೆ. ಅದು ಸಿಎಸ್ ಮಾತನ್ನು ನಂಬದೆ ಜಿಎಸ್ ಬೇಸನ್ನೇ ಪರೀಕ್ಷಿಸುತ್ತದೆ. 2020ರ 5.9 ಆವೃತ್ತಿಯಿಂದ, ಹೊಸ ಪ್ರೊಸೆಸರ್‌ಗಳಲ್ಲಿ, ಹಳೆಯದನ್ನು ಉಳಿಸಿಕೊಂಡು ತನ್ನದನ್ನು ನೇರವಾಗಿ ತುಂಬಿಕೊಳ್ಳುತ್ತದೆ.

ಇದು ಪುಸ್ತಕದ ಭಯ ಅಲ್ಲ. 2018ರ ಮೇ ತಿಂಗಳಲ್ಲಿ ಹೊರಬಿದ್ದ ‘ಪಾಪ್ ಎಸ್‌ಎಸ್’ ದೋಷ ಇದೇ ಸಂದಿಯಲ್ಲಿ ಅಡಗಿತ್ತು. ಪಾಪ್ ಎಸ್‌ಎಸ್ ಎಂಬ ಎಕ್ಸ್86 ಇನ್‌ಸ್ಟ್ರಕ್ಷನ್ ಡಿಬಗ್ ಎಕ್ಸೆಪ್ಷನ್ನನ್ನು ಒಂದು ಇನ್‌ಸ್ಟ್ರಕ್ಷನ್‌ನಷ್ಟು ಮುಂದೂಡುತ್ತದೆ. ಮುಂದಿನದು ಕರ್ನಲ್‌ಗೆ ಕರೆದೊಯ್ಯುವಂಥದ್ದಾದರೆ ಎಕ್ಸೆಪ್ಷನ್ ಏಳುವುದು ಕರ್ನಲ್‌ನ ಮೊದಲ ಹೆಜ್ಜೆಯಲ್ಲೇ. ಪ್ರೊಸೆಸರ್ ಕೈಪಿಡಿಯ ಮಾತನ್ನು ಬೇರೆಬೇರೆಯವರು ಒಂದೇ ರೀತಿ ತಪ್ಪಾಗಿ ಓದಿದ್ದರಿಂದ ವಿಂಡೋಸ್, ಲಿನಕ್ಸ್, ಮ್ಯಾಕ್‌ಒಎಸ್, ಫ್ರೀಬಿಎಸ್‌ಡಿ ಎಲ್ಲಕ್ಕೂ ತೇಪೆ ಹಾಕಬೇಕಾಯಿತು.

2020ರಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಸಂಗಡಿಗರು ಲಿನಕ್ಸ್‌ನ ಪ್ರವೇಶ ಕೋಡನ್ನು ಹೊಸದಾಗಿ ಬರೆದದ್ದರ ಹಿಂದೆಯೂ ಇಂಥದೇ ಚಿಂತೆ ಇತ್ತು. ದಾಖಲೆ ಇನ್ನೂ ‘ಯೂಸರ್’ ಎನ್ನುತ್ತಿರುವಾಗ ಒಳಗೆ ಓಡುವ ಟ್ರೇಸಿಂಗ್ ಕೋಡ್ ಆರ್‌ಸಿಯು ಬಳಸಿದರೆ, ಆ ಕೋರ್‌ಗಾಗಿ ಆರ್‌ಸಿಯು ಕಾಯುವುದಿಲ್ಲ, ಓದುತ್ತಿರುವ ಮೆಮೊರಿ ಕೈಯಿಂದ ಜಾರಿಹೋಗಬಹುದು. ಹಾಗಾಗಿ ಆ ಸಂದಿಯ ಕೋಡ್‌ಗೆ ‘ನೋಇನ್‌ಸ್ಟ್ರ್’ ಎಂಬ ಗುರುತು ಹಾಕಿದರು. ಅಲ್ಲಿಂದ ಗುರುತಿಲ್ಲದ ಕೋಡ್‌ಗೆ ಯಾರಾದರೂ ತಪ್ಪಿ ಕರೆ ಮಾಡಿದರೆ ಕರ್ನಲ್ ಕಟ್ಟುವಾಗಲೇ ಆಬ್ಜ್‌ಟೂಲ್ ಎಂಬ ಸಲಕರಣೆ ಎಚ್ಚರಿಸುತ್ತದೆ. ಈಗ ಇಂಟೆಲ್ ‘ಫ್ರೆಡ್’ ಎಂಬ ಹೊಸ ವಿಧಾನ ತಂದಿದೆ: ಸ್ಟ್ಯಾಕ್, ಜಿಎಸ್ ಎರಡನ್ನೂ ಪ್ರೊಸೆಸರ್ ತಾನೇ ಬದಲಿಸುತ್ತದೆ, ಯೂಸರ್ ಕಡೆಯಿಂದ ಬಂದದ್ದಕ್ಕೂ ಕರ್ನಲ್ ಕಡೆಯಿಂದ ಬಂದದ್ದಕ್ಕೂ ಬೇರೆ ಬಾಗಿಲು. ಲಿನಕ್ಸ್ ಇದನ್ನು 2024ರ 6.9 ಆವೃತ್ತಿಯಲ್ಲಿ ಸೇರಿಸಿಕೊಂಡಿತು.

ಯೂಸರ್ ಮತ್ತು ಸಿಸ್ ಅಂಕಿ ಹಿಡಿದು ಪ್ರೋಗ್ರಾಂ ತಿದ್ದಲು ಕೂರುವವರಲ್ಲಿ ಒಂದು ವಿನಂತಿ. ಮೊದಲು ‘ಪ್ರಾಕ್’ ಡೈರೆಕ್ಟರಿಯ ‘ಸಿಎಂಡಿಲೈನ್’ ಫೈಲ್ ತೆರೆದು ನೋಡಿ. ಅದರಲ್ಲಿ ನೋಹೆಚ್‌ಝಡ್ ಫುಲ್ ಎಂಬ ಪದ ಇಲ್ಲದಿದ್ದರೆ, ಸಾಮಾನ್ಯ ಪಿಸಿಯಲ್ಲಿ ನಿಮ್ಮೆದುರು ಇರುವುದು ಟಿಕ್ ಲೆಕ್ಕದ ಅಂದಾಜು. ಆಗ ಪ್ರೋಗ್ರಾಂ ಕೆಲವು ಸೆಕೆಂಡಾದರೂ ಓಡುವಂತೆ ಮಾಡಿ, ಹಲವು ಸಲ ಓಡಿಸಿ, ಆಮೇಲೆ ತೀರ್ಮಾನಕ್ಕೆ ಬನ್ನಿ.